ಜಾತ್ರೆಯಲ್ಲಿ ರಚ್ಚೆ ಹಿಡಿಯುವ ಮಗು



ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಆದರೂ ಅಂಗಡಿಯಲ್ಲಿ ಕೂತವನಿಗೆ ಊರ ಮಕ್ಕಳೆಲ್ಲರ ಹಟವೂ ಪರಿಚಯ. ಮಿಠಾಯಿ ಡಬ್ಬಿ ಕಂಡೊಡನೆ ನೆಲಕ್ಕೆ ಬಿದ್ದು ಹೊರಳುವ ಮಗು, ತಲೆ ತಗ್ಗಿಸುವ ತಾಯಿ, "ಏನಮ್ಮಾ, ಮಗೂನ ಹೀಗಾ ಬೆಳೆಸೋದು?" ಎನ್ನುವ ಸುತ್ತಲಿನವರು. ಕೊನೆಗೆ ಬೆನ್ನಿಗೊಂದು ಏಟು, ಇಲ್ಲವೆ ಕೈಗೊಂದು ಮಿಠಾಯಿ. (ವ್ಯಾಪಾರ ನನಗಾಯಿತೆನ್ನಿ!)

ವೀರಪಾಂಡಿ ಗೌಮಾರಿಯಮ್ಮನ ಚಿತ್ತಿರೈ ಜಾತ್ರೆಗೆ ಇಲ್ಲಿಂದ ಬಸ್ಸು ಹತ್ತುವವರನ್ನು ನೆನೆಯಿರಿ. ನಸುಕಿಗೇ ಎಬ್ಬಿಸಿದ ಮಗು. ನೂಕುನುಗ್ಗಲು, ಬಿಸಿಲು, ಮೇಳದ ಸದ್ದು, ಅಗ್ನಿಚಟ್ಟಿ ಹೊತ್ತವರ ಸಾಲು. ಊಟದ ಹೊತ್ತೂ ಮೀರಿದೆ. ಆಗ ರಾಟಿನದ ಮುಂದೆ ಮಗು ರಚ್ಚೆ ಹಿಡಿದರೆ ಅದು ಸೊಕ್ಕಲ್ಲ. ಎರಡು ಮೂರು ವರ್ಷದ ಕೂಸಿಗೆ ದಣಿವಾಯಿತೆಂದು ಹೇಳಲು ಮಾತು ಸಾಲದು. ಅಮೆರಿಕದ ಫ್ಲಾರೆನ್ಸ್ ಗುಡೆನಫ್ ಎಂಬ ವಿದುಷಿ ತಾಯಂದಿರಿಂದಲೇ ದಿನಚರಿ ಬರೆಸಿ, 1931ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮಕ್ಕಳ ಸಿಟ್ಟು ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಹೆಚ್ಚೆಂದು ತೋರಿಸಿದ್ದಾರೆ. ನಮ್ಮ ಅಜ್ಜಿಯರು ಸೆರಗಿನಲ್ಲಿ ಪುರಿ, ಹುರಿಗಡಲೆ ಕಟ್ಟಿಕೊಂಡು ಹೊರಡುತ್ತಿದ್ದುದು ಸುಮ್ಮನೆ ಅಲ್ಲ.

ಆದರೂ ರಚ್ಚೆ ಹಿಡಿದರೆ ಎತ್ತಿಕೊಂಡು ಜನರಿಂದಾಚೆ ನೆರಳಿಗೆ ಹೋಗಿ. ಆಗ ಬುದ್ಧಿವಾದ ಬೇಡ, ಕಿವಿಗೆ ಹೋಗದು. ತಲೆ ಕಲ್ಲಿಗೆ ತಾಗದಂತೆ ನೋಡಿಕೊಂಡು ಹತ್ತಿರ ಕೂತಿರಿ. ಪೊಟೆಗಲ್ ಮತ್ತು ಡೇವಿಡ್‌ಸನ್ ಎಂಬವರ 2003ರ ಅಧ್ಯಯನದಂತೆ, ನಾಲ್ಕರಲ್ಲಿ ಮೂರು ರಚ್ಚೆಗಳು 5 ನಿಮಿಷದೊಳಗೇ ಮುಗಿಯುತ್ತವೆ. ಹೆತ್ತವಳಿಗೆ ಆ 5 ನಿಮಿಷ ಒಂದು ಯುಗ, ನಿಜ. ಅತ್ತು ಅತ್ತು ಉಸಿರುಕಟ್ಟಿ ಮಗು ನೀಲಿಗಟ್ಟಿದರೆ ಮಾತ್ರ ವೈದ್ಯರಿಗೆ ತೋರಿಸಿ.

ಕೊಡಿಸುವುದಾದರೆ ಅಳುವ ಮುಂಚೆ ಕೊಡಿಸಿ. ನಾಲ್ಕು ದಿನ ಬೇಡವೆಂದು ಐದನೆಯ ದಿನ ನಾಚಿಕೆಗೆ ಸೋತರೆ, ಐದು ದಿನ ಅಳಬೇಕೆಂಬ ಲೆಕ್ಕವನ್ನು ಮಗು ಕಲಿಯುತ್ತದೆ. ಇನ್ನೊಂದು, "ಸಾಮಿ ಕಣ್ಣು ಚುಚ್ಚುತ್ತೆ" ಎಂದು ಹೆದರಿಸುವುದು ನಮ್ಮ ಕಡೆ ವಾಡಿಕೆ. ಧರ್ಮಕರ್ತನಾಗಿ ಕೇಳಿಕೊಳ್ಳುತ್ತೇನೆ, ಸಾಮಿಗೆ ಆ ಕೆಲಸ ಹಚ್ಚಬೇಡಿ. ಹಾಗೆ ಹೆದರಿದ ಮಗು ನಾಳೆ ಗುಡಿ ಬಾಗಿಲಲ್ಲೇ ಅಳುತ್ತದೆ.

ನನ್ನ ಮಾತು ಹೆಚ್ಚಾಗಿ ಸುತ್ತ ನಿಲ್ಲುವವರಿಗೇ. ಎಷ್ಟೋ ಸಲ ತಾಯಿ ಹೊಡೆಯುವ ಏಟು ಮಗುವಿಗಲ್ಲ, ನಮಗೆ ತೋರಿಸಲಿಕ್ಕೆ. ನಮ್ಮ ನೋಟಕ್ಕೆ ಅಂಜಿ ಗುಡಿಗೆ ಬರುವುದನ್ನೇ ಬಿಟ್ಟ ಎಳೆ ತಾಯಂದಿರಿದ್ದಾರೆ. ಆದ್ದರಿಂದ ದರ್ಶನದ ಸಾಲಿನಲ್ಲಿ ಅಳುವ ಮಗು ಕಂಡರೆ ದಾರಿ ಬಿಡಿ. ಆಟಿಕೆ ಅಂಗಡಿಯ ತಮ್ಮಂದಿರು ಕೂಸಿನ ಮುಖಕ್ಕೇ ಪೀಪಿ ಊದುವುದು ಬೇಡ. ಮುಂದೆ ಮುಂದೆ ನಡೆಯುವ ತಂದೆಯರೂ ಹಿಂದೆ ತಿರುಗಿ ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಳ್ಳಲಿ.