ಹೃದಯರಕ್ಷಣೆಯೂ ವೃದ್ಧಾಪ್ಯದ ಸ್ಮೃತಿಯೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಸಭೆಯಲ್ಲಿ ಶಾಸ್ತ್ರವಿಷಯವಾಗಿ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದ್ದಿತು. ಆದರೆ ಶಾಸ್ತ್ರವನ್ನು ಧರಿಸತಕ್ಕ ಸ್ಮೃತಿಯೇ ಕೆಟ್ಟ ಮೇಲೆ ಶಾಸ್ತ್ರವು ಎಲ್ಲಿ ನಿಂತೀತು? ಆದುದರಿಂದ ಆ ಸ್ಮೃತಿಯ ರಕ್ಷಣೆಯ ವಿಷಯವಾಗಿಯೇ ನಾಲ್ಕು ಮಾತು ವಿಜ್ಞಾಪಿಸುವೆನು.

ನನಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ ಗುರುಗಳು ಪಾಠಶಾಲೆಯಿಂದ ನಿವೃತ್ತರಾದ ತರುವಾಯ ತಮ್ಮ ಹುಟ್ಟೂರಾದ ಸಾಲಿಗ್ರಾಮದಲ್ಲಿ ನೆಲೆಸಿದ್ದರು. ಕೆಲವು ವರ್ಷಗಳ ಹಿಂದೆ ಅವರ ದರ್ಶನಕ್ಕೆ ಹೋಗಿದ್ದೆನು. ಸಂಜೆ ಜಗಲಿಯಲ್ಲಿ ಕುಳಿತು ವನೌಷಧಿವರ್ಗವನ್ನು ಹೇಳುತ್ತಿದ್ದವರು ನಡುವೆ ನಿಂತುಬಿಟ್ಟರು. ಮೂರು ಸಲ ಮೊದಲಿನಿಂದ ಆರಂಭಿಸಿದರು; ಮೂರು ಸಲವೂ ಅಲ್ಲಿಯೇ ನಿಂತರು. “ಇದೇನಾಯಿತಪ್ಪಾ ನನಗೆ?” ಎಂದು ಕೇಳಿದರು. “ವಯಸ್ಸಾಯಿತಲ್ಲವೇ ಗುರುಗಳೇ, ಎಲ್ಲರಿಗೂ ಆಗುವುದೇ” ಎಂದೆನು. ಮನೆಯವರು ಅರವತ್ತಕ್ಕೆ ಅರಳು ಮರಳೆಂಬ ಗಾದೆಯನ್ನು ಹೇಳಿ ನಕ್ಕರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಿದುಳಿನ ಚಿತ್ರವನ್ನು ನೋಡಿದ ವೈದ್ಯರು, ಇದಕ್ಕೂ ಮೊದಲೇ ಸಣ್ಣ ಸಣ್ಣ ಆಘಾತಗಳು ಯಾರಿಗೂ ತಿಳಿಯದಂತೆ ಆಗಿಹೋಗಿವೆಯೆಂದರು. ಯಾವ ತೊಂದರೆಯೂ ಕಾಣದೆಂದು ಗುರುಗಳು ರಕ್ತದ ಒತ್ತಡದ ಮಾತ್ರೆಯನ್ನು ವರ್ಷದ ಹಿಂದೆಯೇ ಬಿಟ್ಟಿದ್ದರು. ಅಂದು ವೈದ್ಯರ ಬಳಿಗೆ ಕರೆದೊಯ್ಯಬೇಕಾಗಿದ್ದ ನಾನು ಸಮಾಧಾನ ಹೇಳಿ ಬಂದೆನು.

ವಯಸ್ಸಾದರೆ ಬುದ್ಧಿ ಕೆಡಲೇಬೇಕೆಂಬುದು ನಿಯಮವೇ? ಅದೇ ಸಾಲಿಗ್ರಾಮದಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಡಾ. ಶಿವರಾಮ ಕಾರಂತರನ್ನು ನೆನೆಯಿರಿ. 1902ರಲ್ಲಿ ಕೋಟದಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಆ ಮಹನೀಯರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ವಿಷಯವಾಗಿ ಗ್ರಂಥವನ್ನು ಬರೆದರು. ಒಬ್ಬರ ದೃಷ್ಟಾಂತದಿಂದ ಎಲ್ಲರ ವಿಷಯವೂ ಸಿದ್ಧವಾಗದು, ನಿಜ. ಆದರೆ ಮುಪ್ಪಿಗೂ ಮರೆವಿಗೂ ಬಿಡದ ನಂಟುಂಟೆಂಬ ಗಾದೆಯನ್ನು ಮುರಿಯಲು ಒಂದೇ ದೃಷ್ಟಾಂತವು ಸಾಕು.

ಚರಕ ಸುಶ್ರುತರು ಹೃದಯವನ್ನೇ ಚೇತನಾಸ್ಥಾನವೆಂದರು. ಭೇಲನು ಮನಸ್ಸಿಗೆ ಶಿರಸ್ಸಿನಲ್ಲಿ ಸ್ಥಾನವನ್ನಿತ್ತನು. ಸ್ಮೃತಿಯು ಮಿದುಳಿನ ವ್ಯಾಪಾರವೆಂಬುದು ಈಗ ನಿರ್ವಿವಾದವು. ಆದರೆ ಆ ಮಿದುಳು ಹೃದಯದ ಋಣದಲ್ಲಿರುವುದು. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಸುಮಾರು 2 ಮಾತ್ರ. ವಿಶ್ರಾಂತಿಯಲ್ಲಿರುವಾಗಲೂ ಅದು ಸೇವಿಸುವ ಪ್ರಾಣವಾಯುವಿನ ಪಾಲು ನೂರಕ್ಕೆ ಸುಮಾರು 20. ರಕ್ತದ ಒತ್ತಡವು ಬಹುಕಾಲ ಏರಿದ್ದರೆ ಮಿದುಳಿನೊಳಗಿನ ಕೂದಲಿನಂಥ ನಾಳಗಳು ಗಡಸಾಗಿ ಕಿರಿದಾಗುವುವು; ಅಲ್ಲಲ್ಲಿ ನೀರು ಕಾಣದ ಗದ್ದೆಯಂತೆ ಮಿದುಳಿನ ಭಾಗಗಳು ಒಣಗುವುವು. ಹೃದಯದ ಬಡಿತದ ಲಯ ತಪ್ಪಿದರೆ ಅಲ್ಲಿ ಹೆಪ್ಪುಗಟ್ಟಿದ ರಕ್ತವು ಮೇಲೇರಿ ನಾಳವನ್ನು ಮುಚ್ಚಬಹುದು. ಮಧುಮೇಹ, ಕೊಬ್ಬು, ಹೊಗೆಸೊಪ್ಪು ಇವು ಈ ಹಾನಿಗೆ ನೆರವಾಗುವುವು. ಆಲ್ಝೈಮರ್ ಎಂಬ ರೋಗವು ಬೇರೆ ಬಗೆಯದು. ಆದರೂ ಬಹುಮಂದಿ ವೃದ್ಧರಲ್ಲಿ ಎರಡೂ ಕೂಡಿಯೇ ಇರುವುವು.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ವಿದ್ವನ್ಮಂಡಲಿಯು, ಬದಲಿಸಬಹುದಾದ 14 ಕಾರಣಗಳನ್ನು ಪರಿಹರಿಸಿದರೆ ಜಗತ್ತಿನ ಡಿಮೆನ್ಶಿಯಾ ರೋಗದಲ್ಲಿ ನೂರಕ್ಕೆ ಸುಮಾರು 45 ಪಾಲನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಗಣಿಸಿತು. ಏರಿದ ರಕ್ತದ ಒತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಸ್ಥೂಲತೆ, ಜಡಜೀವನ ಇವೆಲ್ಲವೂ ಅವುಗಳಲ್ಲಿ ಸೇರಿವೆ. ಇವೇ ಹೃದಯದ ಶತ್ರುಗಳೂ ಹೌದು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಜನರನ್ನು ಪರೀಕ್ಷಿಸುವ ದೀರ್ಘಾಧ್ಯಯನವನ್ನು ಕೈಗೊಂಡಿರುವರು.

ಹಾಗಾದರೆ ಮಾಡತಕ್ಕದ್ದೇನು? ಮುಪ್ಪಿನ ಮರೆವಿಗೆ ಬೀಜವು ನಡುವಯಸ್ಸಿನಲ್ಲಿಯೇ ಬೀಳುವುದರಿಂದ, ನಲವತ್ತು ದಾಟಿದವರೆಲ್ಲರೂ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಕಾಲಕಾಲಕ್ಕೆ ಅಳೆಯಿಸಿಕೊಳ್ಳತಕ್ಕದ್ದು. ಒತ್ತಡವು 140ಕ್ಕೆ 90ರ ಮಟ್ಟವನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದರೆ ವೈದ್ಯರನ್ನು ಕಾಣಬೇಕು. ನೋವಿಲ್ಲವೆಂದು ಮಾತ್ರೆಯನ್ನು ಬಿಡಬಾರದು. ಈ ರೋಗವು ನೋವು ಕೊಡದೆಯೇ ಕೊಲ್ಲುವಂಥದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಮಿತವಿರಲಿ, ಎಲೆಯಡಿಕೆಯೊಡನೆ ಹೊಗೆಸೊಪ್ಪು ಬೇಡ, ದಿನವೂ ನಡಿಗೆಯಿರಲಿ. ಕಿವಿ ಮಂದವಾದ ಹಿರಿಯರನ್ನು ಮಾತಿನಿಂದ ಹೊರಗಿಡಬೇಡಿರಿ. ಕಿವಿಮಂದವೂ ಒಂಟಿತನವೂ ಆ 14ರಲ್ಲಿ ಸೇರಿವೆ. ಬಾಯಿ ಸೊಟ್ಟಗಾದರೆ, ತೋಳು ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪನ್ನು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೇ ಸಲ್ಲತಕ್ಕದ್ದು.

ಗುರುಗಳು ಆಮೇಲೆ ಎರಡು ವರ್ಷ ಬದುಕಿದ್ದರು. ನನ್ನ ಹೆಸರು ಅವರಿಗೆ ಮತ್ತೆ ನೆನಪಿಗೆ ಬರಲಿಲ್ಲ. ಆದರೂ ಹೋದಾಗಲೆಲ್ಲ ಕೈ ಹಿಡಿದುಕೊಳ್ಳುತ್ತಿದ್ದರು. ಈಗ ನಾನೂ ಐವತ್ತು ದಾಟಿರುವೆನು. ದಿನವೂ ಮಾತ್ರೆ ನುಂಗುವಾಗ ಅವರ ಪ್ರಶ್ನೆಯು ಕಿವಿಯಲ್ಲಿ ಕೇಳಿಬರುವುದು. ಮನೆಯ ಹಿರಿಯರೊಬ್ಬರು ಆ ಪ್ರಶ್ನೆಯನ್ನು ನಿಮಗೆ ಕೇಳಿದರೆ ಗಾದೆಯಿಂದ ಉತ್ತರಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುವೆನು.