ಬಾಗಿಲು ಮುಚ್ಚುವ ಕಥೆ

(ರಾಜ್ಯೋತ್ಸವದ ಅಂಗವಾಗಿ ವಡಪಳನಿಯ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮಕ್ಕಳ ಕಾದಂಬರಿಯೊಂದನ್ನು, ಅದರಲ್ಲೂ ಇಂಗ್ಲಿಷಿನದನ್ನು, ಎತ್ತಿಕೊಂಡು ನಿಂತಿದ್ದೇವೆ. ಇದೆಲ್ಲಿಯ ಅಪ್ರಸ್ತುತವೆಂದು ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಸ್ವಲ್ಪ ತಾಳಿಕೊಳ್ಳಬೇಕೆಂದು ಬೇಡುತ್ತೇವೆ. ಮಾತು ಸುತ್ತಿ ಬಳಸಿ ಈ ವಡಪಳನಿಗೇ ಬಂದು ನಿಲ್ಲುವುದು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮೊಮ್ಮಗಳು ದಪ್ಪ ಪುಸ್ತಕವೊಂದನ್ನು ಓದಿ ಮುಗಿಸಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು. ಊಟಕ್ಕೂ ಏಳಲಿಲ್ಲ. ಪುಸ್ತಕ ಫಿಲಿಪ್ ಪುಲ್ಮನ್ ಎಂಬ ಆಂಗ್ಲ ಲೇಖಕರ ‘ದಿ ಆಂಬರ್ ಸ್ಪೈಗ್ಲಾಸ್’. 1995 ಮತ್ತು 1997ರಲ್ಲಿ ಬಂದ ಎರಡು ಸಂಪುಟಗಳ ಬೆನ್ನಿಗೆ 2000ದಲ್ಲಿ ಹೊರಬಿದ್ದ ಮೂರನೆಯದು, ಕಡೆಯದು. ಹುಡುಗಿ ಅತ್ತುದೇಕೆಂದು ತಿಳಿಯಲೋಸುಗ ನಾವೂ ಕನ್ನಡಕ ಏರಿಸಿ ಮೂರು ಸಂಪುಟಗಳನ್ನೂ ಓದಿದೆವು. ಎರಡು ತಿಂಗಳು ಹಿಡಿಯಿತು.

ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಲೈರಾ ಎಂಬ ಹುಡುಗಿ, ವಿಲ್ ಎಂಬ ಹುಡುಗ. ಇಬ್ಬರ ಲೋಕದಲ್ಲೂ ಒಂದೊಂದು ಆಕ್ಸ್‌ಫರ್ಡ್ ಇದೆ. ಆದರೆ ಅವಳ ಆಕ್ಸ್‌ಫರ್ಡ್ ಒಂದು ಲೋಕದ್ದು, ಅವನದು ಇನ್ನೊಂದು ಲೋಕದ್ದು. ವಿಲ್ಲನಿಗೆ ಒಂದು ಚೂರಿ ದೊರೆಯುತ್ತದೆ. ಅದು ಗಾಳಿಯನ್ನೇ ಸೀಳಿ ಲೋಕದಿಂದ ಲೋಕಕ್ಕೆ ಕಿಟಕಿ ತೆರೆಯಬಲ್ಲುದು. ಆ ಕಿಟಕಿಗಳಲ್ಲಿ ನುಸುಳಿ ಈ ಮಕ್ಕಳು ಸತ್ತವರ ಲೋಕವನ್ನೂ ಹೊಕ್ಕು ಹೊರಬರುತ್ತಾರೆ. ಮೂರನೆಯ ಸಂಪುಟದ ನಡುವಣ ಯುದ್ಧದ ಭಾಗ ನಮಗೆ ಅತಿ ಉದ್ದವೆನಿಸಿತು. ಲೇಖಕರು ಅವರ ನಾಡಿನ ಮತಾಧಿಕಾರಿಗಳ ಮೇಲೆ ಹೂಡಿದ ಜಗಳದಲ್ಲಿ ನಮಗೆ ಪಾಲಿಲ್ಲ. ಆದರೆ ಕಡೆಯ ಅಧ್ಯಾಯಗಳು ಬೇರೆಯೇ ತೂಕದವು.

ಆ ಹೊತ್ತಿಗೆ ಇಬ್ಬರಲ್ಲೂ ಪ್ರೀತಿ ಹುಟ್ಟಿದೆ. ಆಗ ದೇವದೂತೆಯೊಬ್ಬಳು ಬಂದು ತಿಳಿಸುತ್ತಾಳೆ: ತೆರೆದಿಟ್ಟ ಕಿಟಕಿಗಳಿಂದ ಲೋಕಗಳ ಚೈತನ್ಯವೇ ಸೋರಿಹೋಗುತ್ತಿದೆ, ಸತ್ತವರ ಬಿಡುಗಡೆಗೆಂದು ಒಂದನ್ನುಳಿದು ಮಿಕ್ಕೆಲ್ಲವನ್ನೂ ಮುಚ್ಚಬೇಕು. ಇಬ್ಬರಲ್ಲೊಬ್ಬರು ಮತ್ತೊಬ್ಬರ ಲೋಕದಲ್ಲಿ ನೆಲೆಸಬಹುದಲ್ಲ ಎಂದರೆ ಅದೂ ಸಲ್ಲದು. ಹುಟ್ಟಿದ ಲೋಕವನ್ನು ಬಿಟ್ಟವರು ಹತ್ತು ವರ್ಷದ ಸುಮಾರಿಗೆ ಸೊರಗಿ ಸಾಯುತ್ತಾರೆ. ಹಾಗೆ ಸೊರಗಿದವನನ್ನು, ಸ್ವಂತ ತಂದೆಯನ್ನೇ, ವಿಲ್ ಕಣ್ಣಾರೆ ಕಂಡಿದ್ದಾನೆ. ಕಡೆಗೆ ಅವರವರ ಲೋಕಕ್ಕೆ ಅವರವರು. ಎರಡು ಆಕ್ಸ್‌ಫರ್ಡುಗಳಲ್ಲೂ ಒಂದೇ ತೆರನಾದ ಸಸ್ಯೋದ್ಯಾನವಿದೆ, ಅಲ್ಲೊಂದು ಬೆಂಚಿದೆ. ವರ್ಷಕ್ಕೊಮ್ಮೆ, ನಡುಬೇಸಗೆಯ ದಿನ ಮಧ್ಯಾಹ್ನ ಒಂದು ಗಂಟೆಯ ಕಾಲ, ಅವಳು ಅಲ್ಲಿ, ಇವನು ಇಲ್ಲಿ ಬಂದು ಕೂರುವುದೆಂದು ಮಾತಾಗುತ್ತದೆ.

‘ತಾತ, ನೀವು ತುಮಕೂರಿನಿಂದ ಬಂದು ಐವತ್ತು ವರ್ಷ ಆಯ್ತಲ್ಲ, ನಿಮಗೇನೂ ಆಗಲಿಲ್ಲವಲ್ಲ?’ ಎಂದಳು ಹುಡುಗಿ. ನಕ್ಕುಬಿಟ್ಟೆವು. ರಾತ್ರಿ ಮಲಗಿದ ಮೇಲೆ ನಗು ಬರಲಿಲ್ಲ.

ಇಲ್ಲಿ ಕುಳಿತಿರುವ ಹಲವರಿಗೆ ಇದು ಕಟ್ಟುಕಥೆಯಲ್ಲ. ನಮ್ಮ ಮಾವನವರು ಮಂಗಳೂರಿನವರು. ಅವರು ಮದರಾಸಿಗೆ ಬಂದಾಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೇ ಸೇರಿತ್ತು; ಅವರು ತಮ್ಮ ಪ್ರಾಂತದ ರಾಜಧಾನಿಗೆ ಬಂದವರು. 1956ರ ನವೆಂಬರ್ 1ರ ಬೆಳಗ್ಗೆ ಎದ್ದರೆ ಮಂಗಳೂರು ಮೈಸೂರು ರಾಜ್ಯದಲ್ಲಿತ್ತು, ಪಕ್ಕದ ಕಾಸರಗೋಡು ಕೇರಳದಲ್ಲಿತ್ತು, ಮಾವನವರು ಮಾತ್ರ ಹಾಸಿಗೆಯಿಂದ ಕದಲದೆಯೇ ಹೊರನಾಡಿಗರಾಗಿದ್ದರು. ನಾವು ಹಬ್ಬ ಮಾಡುವ ದಿನವೇ ಅವರ ಪಾಲಿಗೆ ಒಂದು ಕಿಟಕಿ ಮುಚ್ಚಿದ ದಿನ. ಆದರೂ ಪ್ರತಿವರ್ಷ ಮರೆಯದೆ ಸಿಹಿ ಹಂಚುತ್ತಿದ್ದರು. ಕನ್ನಡನಾಡು ಒಂದಾಯಿತೆಂಬ ಸಂತೋಷ ನಿಜವಾದುದೇ. ತಾವು ಅದರ ಹೊರಗುಳಿದ ಸಂಕಟವೂ ನಿಜವಾದುದೇ. ಅವರು ಒಂದನ್ನು ಇನ್ನೊಂದರಿಂದ ಕಳೆಯಲು ಹೋಗಲಿಲ್ಲ.

ಇನ್ನು ನಮ್ಮ ಕಿಟಕಿಯ ವಿಚಾರ. ತುಮಕೂರಿನ ಮನೆಯ ಜಗಲಿಯಲ್ಲಿ ನಾವು ಬಾಲ್ಯದಲ್ಲಿ ಓದುತ್ತಿದ್ದುದು ‘ಚಂದಮಾಮ’. ನಾಗಿರೆಡ್ಡಿ, ಚಕ್ರಪಾಣಿ ಇಬ್ಬರೂ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಕಥೆ ಮೊದಲು ತೆಲುಗಿನಲ್ಲಿ ಸಿದ್ಧವಾಗಿ, ಬಳಿಕ ಕನ್ನಡವಾಗುತ್ತಿತ್ತೆಂದು ನಮಗಾಗ ಗೊತ್ತಿರಲಿಲ್ಲ. ಪತ್ರಿಕೆಯ ವಿಳಾಸದಲ್ಲಿ ‘ವಡಪಳನಿ, ಮದರಾಸು’ ಎಂದು ಅಚ್ಚಾಗಿರುತ್ತಿತ್ತು. ಮಾಂತ್ರಿಕರು, ಮಾತಾಡುವ ಗಿಳಿಗಳು, ಸಮುದ್ರದಾಚೆಯ ದ್ವೀಪಗಳು ಎಲ್ಲವೂ ಇರುವ ಊರೇ ವಡಪಳನಿಯೆಂದು ನಂಬಿದ್ದೆವು. ಮುಂದೆ ನೌಕರಿಯ ನಿಮಿತ್ತ ಈ ಊರಿಗೆ ಬಂದು, ಬಸ್ಸಿನ ಕಿಟಕಿಯಿಂದ ಆರ್ಕಾಟ್ ರಸ್ತೆಯ ಮೇಲೆ ಆ ಹೆಸರಿನ ಫಲಕ ಕಂಡಾಗ ಎದೆ ಹೊಡೆದುಕೊಂಡುದನ್ನು ಇಂದಿಗೂ ಮರೆತಿಲ್ಲ. ಪರಲೋಕಕ್ಕೆ ಟಿಕೆಟ್ ತೆಗೆಸಿ ಬಂದಂತಾಗಿತ್ತು.

ಆ ಪತ್ರಿಕೆಯ ಮುಖಪುಟಕ್ಕೆ ಮಹಾಭಾರತದ ಚಿತ್ರಗಳನ್ನು ಬರೆದು ಮನೆಮಾತಾದ ಎಂ. ಟಿ. ವಿ. ಆಚಾರ್ಯರು ನಮ್ಮ ಕನ್ನಡದವರೇ. ಅವರು ಬೆಂಗಳೂರಿಗೆ ಮರಳಿ, ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ಮರಳಿದವರಿಗೂ ಹೀಗೆ ಕಿಟಕಿಯೊಂದು ಬೇಕಾಗುತ್ತದೆ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹೀಗೆ ನಡೆಯುವ ವಿಕ್ರಮರಾಜನ ಚಿತ್ರ ಶಂಕರ್ ಅವರದು. ಅವರು 2020ರಲ್ಲಿ ತೀರಿಕೊಂಡರು.

ಬೇತಾಳನ ಆ ಕಥೆಯ ಮುಕ್ತಾಯ ನಿಮಗೆ ಗೊತ್ತೇ? ‘ಚಂದಮಾಮ’ವನ್ನು ಮಾತ್ರ ಓದಿದವರಿಗೆ ಗೊತ್ತಿರಲಾರದು. ಅದರಲ್ಲಿ ತಿಂಗಳು ತಿಂಗಳೂ ರಾಜ ಉತ್ತರ ಹೇಳುವನು, ಮೌನ ಮುರಿಯುವುದು, ಬೇತಾಳ ಹಾರಿ ಮರ ಸೇರುವುದು. ಮೂಲದಲ್ಲಿ ಕೊನೆಯಿದೆ. ಕಾಶ್ಮೀರದ ಸೋಮದೇವ 11ನೆಯ ಶತಮಾನದಲ್ಲಿ ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳ ಕಡೆಗೊಂದು ವಿಚಿತ್ರವಾದ ಪ್ರಶ್ನೆ ಕೇಳುತ್ತಾನೆ: ತಂದೆಯು ಮಗಳನ್ನೂ, ಅವನ ಮಗನು ಆ ಮಗಳ ತಾಯಿಯನ್ನೂ ಮದುವೆಯಾದರೆ, ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಆ ಮೌನಕ್ಕೆ ಮೆಚ್ಚಿ ಬೇತಾಳ ಕಪಟ ಸನ್ಯಾಸಿಯ ಗುಟ್ಟನ್ನು ಬಯಲುಮಾಡುತ್ತಾನೆ. ರಾಜ ಆ ಸನ್ಯಾಸಿಯ ತಲೆ ಕಡಿಯುತ್ತಾನೆ. ಗೊತ್ತಿದ್ದಷ್ಟು ಕಾಲವೂ ದಾರಿ ಮುಗಿಯಲಿಲ್ಲ, ಗೊತ್ತಿಲ್ಲವಾದಾಗ ಮುಗಿಯಿತು.

ವಡಪಳನಿಯ ಬೇತಾಳ ಆ ಪ್ರಶ್ನೆಯವರೆಗೆ ಬರಲೇ ಇಲ್ಲ. ಪತ್ರಿಕೆ 1998ರಲ್ಲಿ ಒಮ್ಮೆ ನಿಂತು ಮತ್ತೆ ಎದ್ದಿತು. 2007ರಲ್ಲಿ ಮುಂಬಯಿಯ ಕಂಪನಿಯೊಂದರ ಕೈಗೆ ಹೋಯಿತು. 2013ರಲ್ಲಿ ಸಂಚಿಕೆಗಳು ನಿಂತುಹೋದುವು. ಯಾವ ದೇವದೂತೆಯೂ ಬಂದು ಕಾರಣ ಹೇಳಲಿಲ್ಲ. ಪುಲ್ಮನ್ನರ ಮಕ್ಕಳು ಬಾಗಿಲನ್ನು ತಿಳಿದು, ಅತ್ತು, ತಾವೇ ಮುಚ್ಚಿದರು. ನಮ್ಮಲ್ಲಿ ಅದು ತಾನಾಗಿ ಮುಚ್ಚಿಕೊಂಡಿತು; ಎಷ್ಟೋ ಮನೆಗಳಲ್ಲಿ ಗಮನಿಸಿದವರೂ ಇಲ್ಲ.

ನಮ್ಮ ಮನೆಯಲ್ಲೂ ಹಾಗೆಯೇ. ಮೊಮ್ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳ ತಂದೆಗೆ ಕಲಿಸಿದ್ದೆವು. ಅವಳಿಗೆ ಕಲಿಸುವ ಹೊತ್ತಿಗೆ ‘ಆಮೇಲೆ ನೋಡೋಣ’ ಎಂದೆವು. ಹೊರಲೋಕ ಹತ್ತೇ ವರ್ಷದಲ್ಲಿ ಕೊಲ್ಲುವುದೆಂಬ ಪುಲ್ಮನ್ನರ ಮಾತನ್ನು ನಾವು ಒಪ್ಪುವುದಿಲ್ಲ. ಮದರಾಸು ನಮ್ಮನ್ನು ಕೊಲ್ಲಲಿಲ್ಲ, ಸಾಕಿತು. ಸೊರಗಿದ್ದು ನಾವಲ್ಲ, ಜೊತೆಗೆ ತಂದ ಒಂದು ವಸ್ತು. ಅದಕ್ಕೆ ನೀರೆರೆಯಬೇಕಾದವರು ನಾವೇ ಆಗಿದ್ದೆವು.

ಬೈಂಡು ಮಾಡಿಸಿಟ್ಟ ಹಳೆಯ ಸಂಚಿಕೆಗಳನ್ನು ಅಟ್ಟದಿಂದಿಳಿಸಿ ರಾತ್ರಿಗೊಂದರಂತೆ ಅವಳಿಗೆ ಓದಿ ಹೇಳಿದೆವು. ಹನ್ನೆರಡನೆಯ ರಾತ್ರಿ ಅವಳು ಪುಸ್ತಕ ಕಸಿದುಕೊಂಡು, ‘ಇದು ಬೇ, ಇದು ತಾ, ಅಲ್ಲವಾ?’ ಎಂದಳು. ಮರುದಿನ ಆ ಕಚೇರಿ ಇದ್ದ ಜಾಗವನ್ನು ತೋರಿಸೆಂದು ಹಟ ಹಿಡಿದಳು. ಮುರುಗನ ಗುಡಿಗೆ ಹೋಗಿ, ಅಲ್ಲಿಂದ ಆರ್ಕಾಟ್ ರಸ್ತೆಗೆ ಕರೆದುಕೊಂಡು ಹೋದೆವು. ವಾಹನಗಳ ಗದ್ದಲದಲ್ಲಿ ಮಾತೇ ಕೇಳಿಸುವಂತಿರಲಿಲ್ಲ. ‘ಬೆಂಚು ಎಲ್ಲಿ ತಾತ?’ ಎಂದು ಕೂಗಿ ಕೇಳಿದಳು. ಬೆಂಚು ಇರಲಿಲ್ಲ. ಹತ್ತಿರದ ಹೋಟೆಲಿನ ಮುಂದೆ ನಿಂತುಕೊಂಡೇ ಕಾಫಿ ಕುಡಿದೆವು. ಅವಳಿಗೆ ಹಾಲು ಕೊಡಿಸಿದೆವು. ಮುಂದಿನ ವರ್ಷವೂ ಇದೇ ದಿನ ಬರೋಣವೆಂದಳು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇವೆ.