ಕಳಿಸಿದ ಪಾಠ, ತಲುಪಿದ ಪಾಠ



ಪಾಠ ಹೇಳುವುದು ಬೇರೆ, ಹೇಳಿದ್ದು ಮಗುವಿಗೆ ತಲುಪುವುದು ಬೇರೆ. ಶಿಕ್ಷಕರಾದ ನಮಗೆಲ್ಲ ಇದು ಗೊತ್ತಿರುವ ಮಾತೇ. ಆದರೆ ತರಗತಿಯಲ್ಲಿ ನಿಂತಾಗ ಈ ಎರಡರ ನಡುವಿನ ದೂರ ಅಷ್ಟಾಗಿ ಕಾಣುವುದಿಲ್ಲ. ಮಕ್ಕಳ ಮುಖ ಎದುರಿಗೇ ಇರುತ್ತದೆ. ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಹೇಳುತ್ತೇವೆ, ಕಣ್ಣು ಅರಳಿದರೆ ಮುಂದಕ್ಕೆ ಹೋಗುತ್ತೇವೆ. ಆ ಮುಖಗಳೇ ಕಣ್ಣಿಂದ ಮರೆಯಾದ ಕಾಲವೊಂದು ಬಂತಲ್ಲ, ಅದು ಕಲಿಸಿದ್ದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ.

ಕೊರೊನಾ ಸೋಂಕಿನಿಂದಾಗಿ 2020ರ ಮಾರ್ಚ್ 25ರಿಂದ ಇಡೀ ದೇಶ ಲಾಕ್‌ಡೌನ್ ಆಯಿತು. 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ಕೊನೆಗೆ ಅದು ಶುರುವಾದದ್ದು ಜೂನ್ 25ರಂದು. ಅಲ್ಲಿಯವರೆಗೆ ರಾಜ್ಯದ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಪುಸ್ತಕ ಮಡಚಿಡಲೂ ಆಗದೆ, ಓದಿ ಮುಗಿಸಲೂ ಆಗದೆ ಕಾದರು. ಜಗತ್ತಿನಾದ್ಯಂತ ಹೀಗೆ ಶಾಲೆ ಬಿಟ್ಟು ಮನೆಯಲ್ಲಿ ಉಳಿದವರು 150 ಕೋಟಿಗೂ ಹೆಚ್ಚು ಎಂದು ಯುನೆಸ್ಕೊ ಲೆಕ್ಕ ಹಾಕಿತು. ಎಲ್ಲ ಕಡೆಯೂ ಶಿಕ್ಷಕರಿಗೆ ಬಂದ ಸೂಚನೆ ಒಂದೇ: ಮನೆಯಿಂದಲೇ ಪಾಠ ಮಾಡಿ.

ನಮ್ಮ ಕಳಸದ ಕಡೆ ಅದು ಸುಲಭದ ಕೆಲಸವಾಗಿರಲಿಲ್ಲ. ಭದ್ರೆಯ ಎರಡೂ ಬದಿಗೆ ಗುಡ್ಡ, ಗುಡ್ಡದ ಮೇಲೆ ಕಾಫಿ, ತಗ್ಗಿನಲ್ಲಿ ಅಡಿಕೆ. ಸಂಸೆ, ಹಿರೇಬೈಲು, ಮರಸಣಿಗೆ, ಹೊರನಾಡು ಅಂತ ಒಂದೊಂದು ಮನೆ ಒಂದೊಂದು ದಿಕ್ಕಿಗೆ. ಮಳೆ ಹಿಡಿದು ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತದೆ. ಯಾವ ತಿರುವಿನಲ್ಲಿ, ಯಾವ ದಿಬ್ಬದ ಮೇಲೆ ನಿಂತರೆ ಸಿಗ್ನಲ್ ಸಿಗುತ್ತದೆ ಎನ್ನುವುದು ಇಲ್ಲಿನ ಮಕ್ಕಳಿಗೆ ಬಾಯಿಪಾಠ.

ನಾನು ಗಣಿತ ಹೇಳಿಕೊಡುವವಳು. ಅಡುಗೆಮನೆ ಬಾಗಿಲಿನ ಹಿಂಬದಿಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿಕೊಂಡೆ. ಅಕ್ಕಿ ಡಬ್ಬಿಯ ಮೇಲೆ ಫೋನು ನಿಲ್ಲಿಸಿ ವಿಡಿಯೊ ಮಾಡಿ, ಬೆಳಗ್ಗೆಯೇ ವಾಟ್ಸಾಪ್ ಗ್ರೂಪಿಗೆ ಕಳಿಸುತ್ತಿದ್ದೆ. ಕೆಲವರು ಲೆಕ್ಕ ಮಾಡಿ ಕಳಿಸಿದರು, ಕೆಲವರಿಂದ ಸದ್ದೇ ಇಲ್ಲ. ಸದ್ದಿಲ್ಲದವರಲ್ಲಿ ಒಬ್ಬಳು, ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗಿ. ಒಂದು ಸಂಜೆ ಅವಳ ಅಮ್ಮ ಫೋನು ಮಾಡಿದರು. "ಮೇಡಂ, ಫೋನ್ ಇರೋದು ಒಂದೇ. ಅವಳಪ್ಪ ಬೆಳಗ್ಗೆ ಮರಕಸಿ ಕೆಲಸಕ್ಕೆ ಹೋಗುವಾಗ ತಗೊಂಡು ಹೋಗ್ತಾರೆ. ನೀವು ಕಳಿಸಿದ್ದನ್ನ ಅವಳು ನೋಡೋದು ರಾತ್ರಿಯೇ" ಎಂದರು.

ಅಂದಿನಿಂದ ನನ್ನ ಶಾಲೆಯ ಗಂಟೆ ಬದಲಾಯಿತು. ತೋಟದ ಕೆಲಸ ಮುಗಿದು, ಸ್ನಾನವಾಗಿ, ಮನೆಯ ಫೋನು ಮಗುವಿನ ಕೈಗೆ ಬರುವ ಹೊತ್ತೇ ಪಾಠದ ಹೊತ್ತು. ಹಗಲೆಲ್ಲ ತಯಾರಿ, ರಾತ್ರಿ ತರಗತಿ. ಮಕ್ಕಳು ನೋಟ್‌ಬುಕ್ಕಿನ ಫೋಟೊ ಕಳಿಸುತ್ತಿದ್ದರು. ಮಂದ ಬೆಳಕು, ಹಾಳೆಯ ಮೇಲೆ ಬೆರಳಿನ ನೆರಳು. ತ್ರಿಭುಜದ ಒಂದು ಮೂಲೆ ಕಂಡರೆ ಇನ್ನೊಂದು ಕಾಣುತ್ತಿರಲಿಲ್ಲ. ದೊಡ್ಡದು ಮಾಡಿ ನೋಡುವಾಗ ಹಾಳೆಯ ಅಂಚಿನಾಚೆಯದೂ ಕಣ್ಣಿಗೆ ಬೀಳುತ್ತಿತ್ತು: ಮೇಜಿನ ಬದಲು ಹಾಸಿದ ಗೋಣಿಚೀಲ, ಪುಸ್ತಕಕ್ಕೆ ಕೈ ಚಾಚಿದ ಪುಟ್ಟ ತಮ್ಮ, ಪಕ್ಕದಲ್ಲೇ ಉರಿಯುವ ಒಲೆ. ಶಾಲೆಯಲ್ಲಿ ತಿದ್ದಿದ ಪುಸ್ತಕದಲ್ಲಿ ಸಿಗುವುದು ಉತ್ತರ ಮಾತ್ರ. ಆ ಉತ್ತರ ಯಾವ ಮನೆಯಲ್ಲಿ, ಎಷ್ಟು ಗದ್ದಲದ ನಡುವೆ ಹುಟ್ಟಿತು ಎಂಬುದನ್ನು ತೋರಿಸಿದ್ದು ಆ ಫೋಟೊಗಳು.

2020ರ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ಆರಂಭಿಸಿತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳ ಪಟ್ಟಿ ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕಿತ್ತು. ಮನೆಯ ಜಗಲಿ, ತೋಟದ ಲೈನ್ ಮನೆಯ ಅಂಗಳ, ದೇವಸ್ಥಾನದ ಕಟ್ಟೆ ಎಲ್ಲವೂ ತರಗತಿಯಾದವು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಮೂರನೇ ಪಟ್ಟಿಯ ಮಕ್ಕಳ ಮನೆಬಾಗಿಲಿಗೆ ಶಾಲೆ ನಡೆದುಹೋದದ್ದು ನಿಜ.

ಬೇರೆ ಕಡೆಯೂ ಜನ ಸುಮ್ಮನೆ ಕೂರಲಿಲ್ಲ. ಕೊಡಗಿನ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದಲೇ ಪಾಠ ಮಾಡಿದರು. 2021ರ ಜೂನ್‌ನಲ್ಲಿ ಸುಳ್ಯದ ಗುತ್ತಿಗಾರಿನ ಕಡೆ ಒಬ್ಬ ತಂದೆ ಸುರಿವ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಕೊಡೆಯ ಕೆಳಗೆ ರಸ್ತೆಬದಿಯಲ್ಲಿ ಕುಳಿತು ಮಗಳು ಪಾಠ ಕೇಳುತ್ತಿದ್ದಳು. ಆ ಚಿತ್ರವನ್ನು ನಾಡೆಲ್ಲ ನೋಡಿತು. ಮಗಳ ವಿದ್ಯೆಗಾಗಿ ನೆನೆಯುತ್ತ ನಿಂತ ಆ ತಂದೆಗೆ ನಾವು ಕೈಮುಗಿಯಬೇಕು. ಒಂದು ಪಾಠ ಕೇಳಲು ಮಗು ಮಳೆಗೆ ಬರಬೇಕಾಯಿತಲ್ಲ ಎಂದು ಅಷ್ಟೇ ನೊಂದುಕೊಳ್ಳಲೂ ಬೇಕು.

ಹೆಚ್ಚು ಕಳೆದುಕೊಂಡವರು ಎಳೆಯ ಮಕ್ಕಳು. ಒಂದರಿಂದ ಐದನೇ ತರಗತಿಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ, ಒಂದನೇ ತರಗತಿ ಮುಗಿಯುವ ಹೊತ್ತಿಗೆ ಮನೆಗೆ ಹೋದ ಮಗು ಮತ್ತೆ ಬಂದು ಕುಳಿತದ್ದು ಮೂರನೇ ತರಗತಿಯಲ್ಲಿ. 2022ರಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವೇ ಬೇಕಾಯಿತು. ಆದರೂ ಕೂಡಿಸುವಾಗ, ಓದುವಾಗ ಇಂದಿಗೂ ತಡವರಿಸುವ ಆ ಕಾಲದ ಮಕ್ಕಳಿದ್ದಾರೆ. ಅವರನ್ನು ದಡ್ಡರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಆತ್ಮೀಯರೇ, ಮನೆಯಿಂದ ಮಾಡಿದ ಪಾಠ ನನಗೆ ಕಲಿಸಿದ್ದು ಇಷ್ಟು: ಉತ್ತರ ಬಾರದ ಕಡೆ ಬುದ್ಧಿಯನ್ನು ಅಳೆಯುವ ಮೊದಲು ಕಾರಣವನ್ನು ಕೇಳಬೇಕು. ಈಗ ಮಕ್ಕಳು ನಮ್ಮ ಕಣ್ಣೆದುರಿಗೇ ಇದ್ದಾರೆ. ಹಾಗಿದ್ದರೂ ಹಿಂದಿನ ಬೆಂಚಿನಲ್ಲಿ ಒಂದು ಮಗು ತಲೆ ತಗ್ಗಿಸಿ ಕೂತಿರಬಹುದು. ರಾತ್ರಿ ನಿದ್ದೆಯಾಗಿಲ್ಲವೋ, ಬೆಳಗ್ಗೆ ತಿಂಡಿಯಾಗಿಲ್ಲವೋ, ಮೂರು ವರ್ಷದ ಹಿಂದಿನ ಪಾಠವೇ ತಪ್ಪಿಹೋಗಿದೆಯೋ, ಕೇಳದೆ ಗೊತ್ತಾಗುವುದಿಲ್ಲ. ಕೇಳಲು ಎರಡು ನಿಮಿಷ ಸಾಕು. ಅದಕ್ಕೆ ಫೋನೂ ಬೇಡ, ಟವರೂ ಬೇಡ.

ಇವತ್ತು ಶಾಲೆಗೆ ಹೊರಟಿರುವ ಶಿಕ್ಷಕ ಬಂಧುಗಳೇ, ಮಕ್ಕಳನ್ನು ಕಳಿಸುತ್ತಿರುವ ತಾಯಂದಿರೇ, ತಂದೆಯರೇ, ಇವತ್ತು ಒಂದು ಮಗುವನ್ನಾದರೂ ಹತ್ತಿರ ಕೂರಿಸಿಕೊಂಡು, "ಎಲ್ಲಿ ಕಷ್ಟ ಆಗ್ತಿದೆ ಪುಟ್ಟಾ?" ಎಂದು ಕೇಳೋಣ. ಉತ್ತರ ಪೂರ್ತಿ ಬರುವವರೆಗೆ ಕಾಯೋಣ. ಪಾಠ ಅಲ್ಲಿಂದಲೇ ಶುರುವಾಗಲಿ.